ಅವರು ತಮ್ಮೊಳಗೆ ಆಡಿದ ಮಾತು

ಶಿರ್ವದ ಬೆನೆಡಿಕ್ಟಾ ಡೇನಿಶ್ ಕಲಿಯತೊಡಗಿದ್ದು ಗಂಡನ ಹಠಕ್ಕೆ. ಜೋಕಿಮ್ ಡೆನ್ಮಾರ್ಕಿನ ಸರಕು ಹಡಗೊಂದರಲ್ಲಿ ಎಂಜಿನ್ ಕೆಲಸಕ್ಕಿದ್ದ. "ಊಟದ ಮೇಜಿನಲ್ಲಿ ಅವರು ನಕ್ಕರೆ ನನ್ನನ್ನೇ ನೋಡಿ ನಗ್ತಾರೋ ಅಂತ ಆಗ್ತದೆ ಮಾರಾಯ್ತಿ" ಎನ್ನುತ್ತಿದ್ದ. ರಜೆಗೆ ಬಂದಾಗ ಇಬ್ಬರೂ ಡೇನಿಶ್ ಧಾರಾವಾಹಿ ಹಾಕಿ, ಕೆಳಗೆ ಮೂಡುವ ಇಂಗ್ಲಿಷ್ ಸಾಲುಗಳು ಕಾಣದಂತೆ ಟಿವಿಗೆ ಟವೆಲ್ ಕಟ್ಟಿ ಕೂರುತ್ತಿದ್ದರು. ಅರ್ಧ ಶಬ್ದವನ್ನು ಗಂಟಲಲ್ಲೇ ನುಂಗುವ ಭಾಷೆ. ಹಾಡುಹಗಲೇ ಮೇಜಿನ ಮೇಲೆ ಮೇಣದಬತ್ತಿ ಹಚ್ಚುವ ಜನ. ಧಾರಾವಾಹಿಯಲ್ಲಿ ಸಾವಿನ ಸುದ್ದಿ ತಂದ ಪೊಲೀಸನಿಗೂ ಕಾಫಿ ಬಗ್ಗಿಸಿಕೊಟ್ಟು ಸುಮ್ಮನಾಗುತ್ತಿದ್ದರು. "ಇವರಿಗೆ ಅಳಲಿಕ್ಕೆ ಬರುವುದಿಲ್ವಾ?" ಎಂದು ಅವಳು ಕೇಳಿದ್ದಳು.

ಕಳೆದ ಜನವರಿಯಲ್ಲಿ ಜೋಕಿಮ್ ಉತ್ತರ ಸಮುದ್ರದಲ್ಲಿ ಹಡಗಿನಿಂದ ಬಿದ್ದ. ಶವ ಸಿಗಲಿಲ್ಲ. ಆ ಚಳಿನೀರಿಗೆ ಬಿದ್ದೊಡನೆಯೇ ಪ್ರಾಣ ಹೋಗಿದೆ ಎಂದು ಕಂಪೆನಿ ಬರೆಯಿತು. ಅತ್ತೆ ಜೆರ್ಟ್ರೂಡ್ ಆ ಒಂದು ಸಾಲನ್ನು ಹಿಡಿದುಕೊಂಡು ದಿನ ದೂಡಿದರು. ಬೆನೆಡಿಕ್ಟಾ ಮಣಿಪಾಲದ ಲ್ಯಾಬಿಗೆ ಹೋಗುವ ಬಸ್ಸಿನಲ್ಲಿ ಫೋನು ಹಿಡಿದು ಧಾರಾವಾಹಿ ನೋಡುವುದನ್ನು ಬಿಡಲಿಲ್ಲ. ಬಿಟ್ಟರೆ ಅವನು ಇನ್ನಷ್ಟು ದೂರ ಹೋದಾನು ಅನ್ನಿಸುತ್ತಿತ್ತು.

ಆಗಸ್ಟಿನಲ್ಲಿ ಕಂಪೆನಿಯವರು ವಿಡಿಯೊ ಕರೆಯಲ್ಲಿ ಮಾತಾಡಲು ಒಪ್ಪಿದರು. ಉಡುಪಿಯಲ್ಲಿ, ವಕೀಲೆ ವೇದಾವತಿಯ ಕಚೇರಿಯಲ್ಲಿ ಬೆನೆಡಿಕ್ಟಾ ಕುಳಿತಳು. ಆ ಕಡೆ ಹಡಗಿನ ಕ್ಯಾಪ್ಟನ್ ಮತ್ತು ಒಬ್ಬ ಅಧಿಕಾರಿಣಿ. ಇಂಗ್ಲಿಷಿನಲ್ಲಿ ಸಂತಾಪ ಹೇಳಿ ಮುಗಿಸಿದ ಮೇಲೆ ಅವರಿಬ್ಬರು ಡೇನಿಶಿಗೆ ಹೊರಳಿದರು.

"ಲೈಫ್ ಜಾಕೆಟ್ಟಿನ ದೀಪದ ವಿಷಯ ಇವಳಿಗೆ ಗೊತ್ತೇ?" ಅಧಿಕಾರಿಣಿ ಕೇಳಿದಳು.

"ಇಲ್ಲ. ನಲವತ್ತು ನಿಮಿಷ ಅದು ಕಾಣುತ್ತಿತ್ತು. ಕೈ ಬೀಸುತ್ತಿದ್ದ. ಕ್ರೇನ್ ತುಕ್ಕು ಹಿಡಿದು ರಕ್ಷಣಾ ದೋಣಿ ನೀರಿಗಿಳಿಯಲಿಲ್ಲ ಎಂದು ಹೇಗೆ ಹೇಳಲಿ?"

"ಹೇಳಬೇಡಿ."

ಬೆನೆಡಿಕ್ಟಾ ಯಾವಾಗಲೂ ತಪ್ಪುತ್ತಿದ್ದದ್ದು ಡೇನಿಶ್ ಅಂಕಿಗಳಲ್ಲಿ. ಆದುದರಿಂದ ಡೇನಿಶಿನಲ್ಲೇ ಕೇಳಿದಳು: "ಎಷ್ಟು ನಿಮಿಷ?"

ಕ್ಯಾಪ್ಟನ್ನನ ಮುಖ ಬಿಳಿಚಿತು. "ನಲವತ್ತು" ಎಂದ. ಅಧಿಕಾರಿಣಿಯ ಕೈ ಮುಂದೆ ಬಂತು, ಪರದೆ ಕಪ್ಪಾಯಿತು.

"ಎಂತ ಹೇಳಿದ್ರು?" ವೇದಾವತಿ ಭುಜ ಹಿಡಿದು ಅಲುಗಾಡಿಸಿದರು. ಅವಳು ಬಿಡಿಸಿ ಹೇಳಿದಾಗ ವಕೀಲೆ ತಲೆಯ ಮೇಲೆ ಕೈ ಹೊತ್ತರು. "ಅಯ್ಯೋ, ನಾವು ರೆಕಾರ್ಡ್ ಮಾಡಲಿಲ್ವಲ್ಲ."

ಟಿವಿ ನೋಡಿ ಕಲಿತ ಭಾಷೆ, ತಪ್ಪು ಕೇಳಿಸಿಕೊಂಡಿದ್ದಾರೆ ಎಂದು ಕಂಪೆನಿ ಜಾರಿಕೊಂಡಿತು. ಅಲ್ಲಿನ ತನಿಖಾ ಕಚೇರಿಗೆ ಬೆನೆಡಿಕ್ಟಾ ಡೇನಿಶಿನಲ್ಲಿ ಒಂದು ಪುಟ ಬರೆದಳು. ನವೆಂಬರಿನಲ್ಲಿ ಉತ್ತರ ಬಂತು. ಹಡಗನ್ನು ಒಡೆಯಲು ಗುಜರಾತಿಗೆ ಮಾರಿಯಾಗಿದೆ; ಕ್ರೇನನ್ನು ಪರೀಕ್ಷಿಸುವುದು ಸಾಧ್ಯವಿಲ್ಲ; ವಿಷಾದಿಸುತ್ತೇವೆ.

ಅತ್ತೆಯಿಂದ ಇನ್ನು ಮುಚ್ಚಿಡಲು ಅವಳಿಗೆ ಆಗಲಿಲ್ಲ. ಹತ್ತಿರ ಕುಳಿತು ಎಲ್ಲವನ್ನೂ ಹೇಳಿದಳು. ಜೆರ್ಟ್ರೂಡ್ ತಲೆಯೆತ್ತಿ ಕೇಳಿದರು.

"ಅಷ್ಟು ಹೊತ್ತೂ ಅವನಿಗೆ ಹಡಗು ಕಾಣ್ತಾ ಇತ್ತಾ?"

"ಕಾಣ್ತಾ ಇತ್ತು, ಮಾಂಯ್."