ಮೂವತ್ತೆರಡನೆಯ ಹೇಳಿಕೆ

"ಇದು ನಾನು ಹೇಳಿದ್ದಲ್ಲ," ಎಂದು ಅಪ್ಪ ಕಾಗದವನ್ನು ಮೇಜಿನ ಮೇಲೆ ಹಿಂದಕ್ಕೆ ತಳ್ಳಿದರು.

ವಿದೇಶಾಂಗ ಇಲಾಖೆಯ ಕಾನೂನು ವಿಭಾಗದಲ್ಲಿ ಆಗ ಮಧ್ಯಾಹ್ನ ಎರಡೂವರೆ. ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ದೇಶದ ಲಿಖಿತ ಹೇಳಿಕೆ ಹೊತ್ತೊಯ್ಯುವ ಚೀಲಕ್ಕೆ ನಾಲ್ಕು ಗಂಟೆಗೆ ಮೊಹರು ಬೀಳುತ್ತದೆ. ಅಪ್ಪನ ಸಹಿಯಾದರೆ ಇವರ ಹೇಳಿಕೆಯೂ ಅದರೊಳಗೆ. ಇಲ್ಲವಾದರೆ ಇನ್ನೆಂದೂ ಇಲ್ಲ. ಅದೇ ವಿಭಾಗದಲ್ಲಿ ಕೆಲಸಕ್ಕಿದ್ದು, ಆ ಕಾಗದವನ್ನು ಟೈಪ್ ಮಾಡಿದ್ದ ಮಗಳು ಕುರ್ಚಿಯಲ್ಲೇ ಕುಗ್ಗಿಹೋದಳು. ಐವತ್ತೆರಡು ವರ್ಷಗಳ ಹಿಂದೆ, ಆಗ ಆಳುತ್ತಿದ್ದವರು ಅಪ್ಪ ಹುಟ್ಟಿ ಬೆಳೆದ ದ್ವೀಪವನ್ನು ಖಾಲಿ ಮಾಡಿಸಿದ್ದರು. ಹಾಗೆ ಹೊರಬಿದ್ದವರಲ್ಲಿ ಮೂವತ್ತೊಂದು ಮಂದಿ ಈಗಾಗಲೇ ಹೇಳಿಕೆ ಕೊಟ್ಟಾಗಿತ್ತು. ಅಪ್ಪ ಮಾತ್ರ "ಅಲ್ಲೇನಿತ್ತು, ಬರೀ ಮರಳು" ಎಂದು ತಿಂಗಳುಗಟ್ಟಲೆ ಜಾರಿಕೊಂಡು, ಕೊನೆಯ ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ತಾವಾಗಿಯೇ ಹೊರಟು ಬಂದಿದ್ದರು.

ಅಪ್ಪ ಮನಸ್ಸು ಬದಲಾಯಿಸುವ ಮೊದಲೇ ಸಹಿ ಹಾಕಿಸಿಬಿಡೋಣವೆಂದು ಅವಳು ಉಳಿದವರ ಹೇಳಿಕೆಯ ಸಾಲನ್ನೇ ಎತ್ತಿ ಅಪ್ಪನದಕ್ಕೂ ಕೂರಿಸಿದ್ದಳು: 'ನನ್ನನ್ನು ಬಲವಂತದಿಂದ ಹಡಗು ಹತ್ತಿಸಲಾಯಿತು.'

"ಕೊನೇ ಹಡಗಿನವರಿಗೆ ಬಲವಂತ ಮಾಡಿದ್ರು, ನಿಜ. ನಂದು ಮೊದಲನೇ ಹಡಗು. ನಾನೇ ಹತ್ತಿದ್ದು."

ವಿಭಾಗದ ಮುಖ್ಯಸ್ಥರು ಕನ್ನಡಕ ತೆಗೆದರು. ಯಾವ ಕಾಗದ ಕೊಟ್ಟರೂ ಪೆನ್ನಿನಿಂದ ಒಂದಾದರೂ ಚುಕ್ಕೆ ಇಡದೆ ಬಿಡದ ಅವರಿಗೆ ಕಚೇರಿಯವರು ಬೆನ್ನ ಹಿಂದೆ ಅಲ್ಪವಿರಾಮ ಎಂದು ಹೆಸರಿಟ್ಟಿದ್ದರು.

"ಇದು ಮೊಕದ್ದಮೆ ಅಲ್ಲ ಯಜಮಾನ್ರೇ," ಎಂದರು ಅಲ್ಪವಿರಾಮ. "ದ್ವೀಪದ ಜನರನ್ನ ಹೊರಗೆ ಕಳಿಸಿದ್ದು ಸರೀನಾ ಅಂತ ಎಲ್ಲ ದೇಶಗಳ ಸಭೆ ಕೋರ್ಟಿಗೆ ಒಂದು ಪ್ರಶ್ನೆ ಕೇಳಿದೆ. ಉತ್ತರ ಕೊಡೋ ಮುಂಚೆ, ಹೇಳೋದಿದ್ರೆ ಬರೆದು ಕಳಿಸಿ ಅಂತ ಕೋರ್ಟು ದೇಶಗಳಿಗೆ ಹೇಳಿದೆ."

"ಆಮೇಲೆ ನಮ್ಮನ್ನ ವಾಪಸ್ ಕಳಿಸ್ತಾರಾ?"

"ಕೋರ್ಟು ಕೊಡೋದು ಅಭಿಪ್ರಾಯ ಅಷ್ಟೆ. ಕೇಳಲೇಬೇಕು ಅಂತ ಯಾರಿಗೂ ಇಲ್ಲ."

"ಅಭಿಪ್ರಾಯ ನಂಗೂ ಇತ್ತು. ಯಾರು ಕೇಳಿದ್ರು?"

"ಈಗ ಕೇಳ್ತಿದೀವಲ್ಲ."

ಅಪ್ಪ ತಮ್ಮ ಕೈಗಳನ್ನೇ ನೋಡಿಕೊಂಡರು.

"ದ್ವೀಪಕ್ಕೆಲ್ಲ ಸೊಳ್ಳೆ ಔಷಧಿ ಹೊಡೀಬೇಕು, ಎರಡು ವಾರ ಬಿಟ್ಟು ಬನ್ನಿ ಅಂದ್ರು. ನಂಬಿದೆ. ನಮ್ಮಮ್ಮ ಒಲ್ಲೆ ಅಂತ ಹೊಸಿಲ ಮೇಲೆ ಕೂತುಬಿಟ್ಲು. ಎರಡೇ ವಾರ ಅಲ್ವಾ ಅಂತ ನಾನೇ ಎತ್ಕೊಂಡು ಹೋದೆ. ದಾರಿಯುದ್ದಕ್ಕೂ ನನ್ನ ಬೆನ್ನಿಗೆ ಗುದ್ದುತಾನೇ ಇದ್ಲು. ಸಾಯೋವರೆಗೂ ನನ್ನ ಹತ್ರ ನೆಟ್ಟಗೆ ಮಾತಾಡ್ಲಿಲ್ಲ."

ಅಪ್ಪನಿಗೆ ಆ ದ್ವೀಪದ ಗೊಡವೆಯೇ ಬೇಡವಾಗಿದೆ ಎಂದು ಮಗಳು ಇಷ್ಟು ವರ್ಷ ನಂಬಿದ್ದಳು. ಹಂಬಲವನ್ನೆಲ್ಲ ನುಂಗಿಕೊಂಡು ಮನುಷ್ಯ ಹೀಗೂ ಬದುಕಬಹುದೇ ಎಂದು ಈಗ ಅವಳಿಗೆ ಅನ್ನಿಸಿತು.

"ನಾನೇ ಹತ್ತಿದೆ ಅಂತ ಬರೆದ್ರೆ ಅವತ್ತು ಆಳ್ತಿದ್ದವರು ಅದನ್ನೇ ಹಿಡ್ಕೊಂಡು ಜೋತಾಡ್ತಾರೆ," ಎಂದರು ಅಲ್ಪವಿರಾಮ. "ಒಪ್ಪಿಕೊಂಡೇ ಹೋದ್ರು ನೋಡಿ ಅಂತಾರೆ."

"ಹಾಗಿದ್ರೆ ನಂದು ಬೇಡ ಬಿಡಿ." ಅಪ್ಪ ಎದ್ದೇಬಿಟ್ಟರು.

"ಕೂತ್ಕೋ ಅಪ್ಪ," ಎಂದಳು ಮಗಳು. ಪರದೆಯ ಮೇಲಿದ್ದ ಬಲವಂತದ ಸಾಲನ್ನು ಅಳಿಸಿದಳು. "ಸುಳ್ಳು ಹೇಳಿ ಹತ್ತಿಸಿದ್ರೆ ಅದು ಒಪ್ಪಿಗೆ ಆಗತ್ತಾ, ಸರ್?"

ಅವರು ಉತ್ತರ ಕೊಡುವಷ್ಟರಲ್ಲಿ ಅವಳು ಟೈಪ್ ಮಾಡತೊಡಗಿದ್ದಳು: ಎರಡು ವಾರ, ಹೊಸಿಲು, ಬೆನ್ನ ಮೇಲಿನ ಗುದ್ದು, ಎಲ್ಲ ಅಪ್ಪನ ಮಾತಿನಲ್ಲೇ. ಅಚ್ಚಾದ ಪ್ರತಿ ಕೈಗೆ ಬಂದಾಗ ಅಲ್ಪವಿರಾಮ ಅದನ್ನು ಎರಡು ಸಲ ಓದಿದರು. ಪೆನ್ನು ಕೈಗೆತ್ತಿಕೊಂಡರು, ಎಲ್ಲೂ ಏನೂ ತಿದ್ದದೆ ಆ ಪೆನ್ನನ್ನೇ ಅಪ್ಪನ ಕೈಗೆ ಕೊಟ್ಟರು.

ಅಪ್ಪ ಸಹಿ ಹಾಕಿದರು. ಕೆಳಗೆ 'ಖಾಯಂ ವಿಳಾಸ' ಎಂಬಲ್ಲಿ ಮಗಳು ಹಾಕಿದ್ದ ಬಾಡಿಗೆ ಮನೆಯ ವಿಳಾಸ ಕಂಡಿತು. ಅದರ ಮೇಲೊಂದು ಗೆರೆ ಎಳೆದು, ಪಕ್ಕದಲ್ಲಿ ನಿಧಾನವಾಗಿ ಬರೆದರು: ಬಾವಿಯಿಂದ ಮೂರನೇ ಮನೆ, ಸಮುದ್ರದ ಕಡೆ ಬಾಗಿಲು. ಮಗಳು ಆ ವಿಳಾಸವನ್ನು ಓದಿದ್ದು ಅದೇ ಮೊದಲು.

"ಅಲ್ಲಿಗೆ ಕಾಗದ ಹಾಕಿದ್ರೆ ತಲುಪಲ್ಲ ಯಜಮಾನ್ರೇ," ಎಂದರು ಅಲ್ಪವಿರಾಮ, ಮೆಲ್ಲಗೆ.

"ಗೊತ್ತು," ಎಂದು ಅಪ್ಪ, ತಿದ್ದಿದ ಜಾಗದ ಪಕ್ಕ ಇನ್ನೊಂದು ಸಹಿ ಹಾಕಿ, ಶಾಯಿ ಒಣಗಲೆಂದು ಊದತೊಡಗಿದರು.