ಜಗ್ಗಿ ಉದ್ದ ಮಾಡಿದ ಕೋಟೆ

"ನಿಮ್ಮಣ್ಣನ ನಕ್ಷೆನ ಲೈಬ್ರರಿಯವರು ಆರಿಸಿದಾರೆ ಕಣೇ! ಭಾನುವಾರದ ಆಟ ಅವನೇ ನಡೆಸ್ತಾನಂತೆ!"

ರೇಡಿಯೋ ಮೆಟ್ಟಿಲು ಹತ್ತುತ್ತಲೇ ಕಿರುಚಿದಳು. ನನ್ನ ಗೆಳತಿಗೆ ಆ ಹೆಸರು ಸುಮ್ಮನೆ ಬಂದಿಲ್ಲ. ಸುದ್ದಿ ಐದು ನಿಮಿಷ ಹೊಟ್ಟೆಯಲ್ಲಿ ಉಳಿದರೆ ಅವಳಿಗೆ ಅಜೀರ್ಣವಾಗುತ್ತದೆ.

"ನಮ್ಮಣ್ಣನಾ? ನಕ್ಷೆನಾ? ನಮ್ಮನೆ ಬಚ್ಚಲಿಗೆ ದಾರಿ ಬರೆದುಕೊಡು ಅಂದ್ರೂ ಅವನಿಗೆ ಬರಲ್ಲ."

"ನೋಟಿಸ್ ಬೋರ್ಡಲ್ಲಿ ಹಾಕಿದಾರೆ. ಫೋಟೋ ಹೊಡ್ಕೊಂಡು ಬಂದೆ, ನೋಡು."

ನೋಡಿದೆ. ಕೋಟೆ ನನ್ನದು. ಬಾವಿ ನನ್ನದು. ಅಡುಗೆಮನೆಯಲ್ಲಿ ಉರುಳಿಬಿದ್ದ ಮೂರು ಪೀಪಾಯಿಗಳೂ ನನ್ನವೇ. ಕೆಳಗೆ ದಪ್ಪಕ್ಷರದಲ್ಲಿದ್ದ ಹೆಸರು ಮಾತ್ರ ಅವನದು.

ಅಣ್ಣ ಎಂದರೆ ದೊಡ್ಡಪ್ಪನ ಮಗ. ನಾವು ಕರೆಯುವುದು ಸಾಮ್ರಾಟ ಎಂದು. ಎರಡು ವರ್ಷದಿಂದ ವಾರಕ್ಕೊಮ್ಮೆ ಮೇಜಿನ ಸುತ್ತ ಕೂತು ಆಡುತ್ತೇವೆ. ಒಬ್ಬರು ಕಥೆ ನಡೆಸುತ್ತಾರೆ. ಉಳಿದವರು ಕಳ್ಳಿಯೋ ಮಾಂತ್ರಿಕನೋ ಆಗಿ ದಾಳ ಹಾಕುತ್ತಾ ಬೆರಳುದ್ದದ ಗೊಂಬೆಗಳನ್ನು ಚೌಕಗಳ ನಕ್ಷೆಯ ಮೇಲೆ ನಡೆಸುತ್ತಾರೆ. ಒಂದು ಹೆಜ್ಜೆಗೆ ಒಂದು ಚೌಕ. ಕಥೆ ನಡೆಸುವ ಕುರ್ಚಿಯಿಂದ ನೀರು ಕುಡಿಯಲೂ ಏಳದವನು ನಮ್ಮ ಸಾಮ್ರಾಟ. ನನಗೊಮ್ಮೆ ಬಿಡು ಎಂದರೆ, "ನೀನು ನಡುವೆ ನಕ್ಕುಬಿಡ್ತೀಯ, ಗಾಂಭೀರ್ಯ ಸಾಲದು" ಎನ್ನುತ್ತಾನೆ. ಅದಕ್ಕೇ ಲೈಬ್ರರಿಯ ಪ್ರಕಟಣೆ ನೋಡಿ ನಾನು ಕುಣಿದಾಡಿದ್ದು: ಯಾರ ನಕ್ಷೆ ಆಯ್ಕೆಯಾಗುತ್ತದೋ ಆಟ ನಡೆಸುವವರು ಅವರೇ.

ಮೂರು ವಾರ ಬಸ್ಸಿನಲ್ಲಿ, ಕಾಲೇಜಿನ ಮೆಟ್ಟಿಲ ಮೇಲೆ, ಒಂದೇ ಹೆಬ್ಬೆರಳಿನಲ್ಲಿ ಆ ಕೋಟೆ ಕಟ್ಟಿದ್ದೆ. ಫೋನಿನಲ್ಲೇ ನಡೆಯುವ ಉಚಿತ ಸಾಫ್ಟ್‌ವೇರ್. ನೆಲ, ಗೋಡೆ, ಬಾಗಿಲು, ಎಲ್ಲ ಉಗುರಿನಷ್ಟು ಚೌಕದ ಚಿತ್ರಗಳು. ಮನೆಗೆ ಟೈಲ್ಸ್ ಹಾಕಿದಂತೆ ಒಂದರ ಪಕ್ಕ ಒಂದು ಕೂರಿಸಬೇಕು. ನೆಲ ಒಂದು ಪದರ, ಗೋಡೆ ಅದರ ಮೇಲೊಂದು, ಪೀಪಾಯಿ ಮತ್ತೊಂದು. ಆ ಚಿತ್ರಗಳನ್ನು ಬರೆದ ಪುಣ್ಯಾತ್ಮ ಯಾರೋ, ಎಲ್ಲರಿಗೂ ಬಿಟ್ಟಿಯಾಗಿ ಕೊಟ್ಟು ಕೇಳಿದ್ದು ಒಂದೇ: ನನ್ನ ಹೆಸರು ಹಾಕಿ. ನಾನು ಮೂಲೆಯಲ್ಲಿ ಅವರ ಹೆಸರು, ಅದರ ಕೆಳಗೆ ನನ್ನ ಹೆಸರು ಹಾಕಿದ್ದೆ. ಸಾಮ್ರಾಟ ಮೂಲೆಯನ್ನೇ ಕತ್ತರಿಸಿ ಎಸೆದಿದ್ದ.

ತಪ್ಪು ನನ್ನದೂ ಇತ್ತು. ಲೈಬ್ರರಿಗೆ ಕೊಡುವ ಮೊದಲು "ಹೇಗಿದೆ?" ಎಂದು ಚಿತ್ರವನ್ನು ನಮ್ಮ ಗ್ರೂಪಿಗೆ ಹಾಕಿದ್ದೆ. "ಪುಕ್ಕಟೆ ಸಾಫ್ಟ್‌ವೇರಲ್ಲಿ ಇನ್ನೇನಾಗುತ್ತೆ" ಎಂದು ಉತ್ತರಿಸಿದವನು ಇದೇ ಮಹಾಶಯ. ಪೆದ್ದಿ ನಾನು, ಇನ್ನಷ್ಟು ತಿದ್ದೋಣವೆಂದು ಕೂತೆ. ಅಷ್ಟರಲ್ಲಿ ಅವನು ಅದೇ ಚಿತ್ರವನ್ನು ಲೈಬ್ರರಿಗೆ ಕೊಟ್ಟುಬಂದಿದ್ದ.

ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಸಾಮ್ರಾಟ. ಕಂಕುಳಲ್ಲಿ ಕಾಗದದ ಸುರುಳಿ, ಮುಖದಲ್ಲಿ ಪರೀಕ್ಷೆ ಫೇಲಾದವನ ನಗು.

"ಒಂದು ಸಣ್ಣ ಕೆಲಸ ಇತ್ತು, ಪುಟ್ಟಿ."

ಕೆಲಸವಿದ್ದಾಗ ಮಾತ್ರ ನಾನು ಪುಟ್ಟಿ. ಊಟದ ಮೇಜಿನ ಮೇಲೆ ಸುರುಳಿ ಬಿಡಿಸಿದ. ಲೈಬ್ರರಿಯ ಮೇಜು ಉದ್ದ, ಅಗಲ ಕಡಿಮೆ. ಅದಕ್ಕೆ ಹೊಂದಿಸಿ ತನ್ನಿ ಎಂದು ಅಲ್ಲಿನ ಮೇಡಂ ಹೇಳಿದ್ದರಂತೆ. ಇವನು ಕಂಪ್ಯೂಟರಿನಲ್ಲಿ ಚಿತ್ರದ ಒಂದು ಬದಿ ಹಿಡಿದು ಜಗ್ಗಿ ಪ್ರಿಂಟ್ ತೆಗೆಸಿದ್ದ. ಚೌಕಗಳೆಲ್ಲ ಇಟ್ಟಿಗೆಗಳಾಗಿದ್ದವು. ದುಂಡಗಿನ ಬಾವಿ ಯಾರೋ ಮೇಲೆ ಕೂತ ಟಯರಿನಂತಿತ್ತು.

ರೇಡಿಯೋ ಒಂದು ಗೊಂಬೆ ಇಟ್ಟು ನಡೆಸಿದಳು. "ಈ ಕಡೆ ಹೋದ್ರೆ ಆನೆ ಹೆಜ್ಜೆ, ಆ ಕಡೆ ಹೋದ್ರೆ ಇರುವೆ ಹೆಜ್ಜೆ! ಭಲೇ ಸಾಮ್ರಾಟ!"

"ನೀನು ಬಾಯ್ಮುಚ್ಚು." ನನ್ನ ಕಡೆ ತಿರುಗಿದ. "ಚೌಕಗಳನ್ನ ಬಿಡಿಬಿಡಿಯಾಗಿ ಸರಿಸೋಕಾಗುತ್ತಲ್ಲ, ಆ ಮೂಲ ಫೈಲ್ ಕಳಿಸು, ಸಾಕು. ಎರಡು ನಿಮಿಷದ ಕೆಲಸ."

"ಯಾರ ನಕ್ಷೆಯ ಮೂಲ ಫೈಲು?"

ಅವನು ಸೀಲಿಂಗ್ ಫ್ಯಾನ್ ನೋಡಿದ. "ಮನೆ ಮಾತು ಮನೇಲೇ ಇರ್ಲಿ. ನಾವೇನು ಬೇರೆಯವರಾ?"

"ಬೇರೆಯವರಾಗಿದ್ರೆ ಕೇಳಿ ತಗೊಳ್ತಿದ್ರು."

"ಸರಿ ಮಾರಾಯ್ತಿ, ಆಟದಲ್ಲಿ ನಿನಗೆ ರಾಣಿ ಪಾತ್ರ."

"ರಾಣಿಗೆ ಮಾತಿದೆಯಾ?"

"ಅವಳು ಮೊದಲಿಂದ ಮೂರ್ಛೆಯಲ್ಲಿರ್ತಾಳೆ."

ರೇಡಿಯೋ ಕುರ್ಚಿಯಿಂದ ಬೀಳುವಷ್ಟು ನಕ್ಕಳು. ನನಗೆ ನಗು ಬರಲಿಲ್ಲ. ಅದೇ ಆಶ್ಚರ್ಯ, ನಾನು ಯಾವುದಕ್ಕೂ ನಗುವವಳು. ಫೈಲ್ ಕಳಿಸಿದರೆ ಭಾನುವಾರವೂ ಅವನದೇ, ಆಮೇಲಿನ ವಾರಗಳೂ ಅವನವೇ. ನೋಟಿಸಿನ ಕೆಳಗಿದ್ದ ನಂಬರಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ.

"ಮೇಡಂ, ಆ ಕೋಟೆ ನಕ್ಷೆ ಮಾಡಿದ್ದು ನಾನು. ಅಣ್ಣ ಕೊಟ್ಟಿದ್ದು ಬರೀ ಚಿತ್ರ."

"ಅವರು ತಮ್ಮದೇ ಅಂತ ಬರೆದುಕೊಟ್ಟಿದಾರಲ್ಲಮ್ಮ."

"ಹಾಗಾದ್ರೆ ಇಬ್ಬರನ್ನೂ ನಿಮ್ಮೆದುರು ಕೂರಿಸಿ. ಅವನು ಒಂದೇ ಒಂದು ಬಾಗಿಲು ಪಕ್ಕಕ್ಕೆ ಸರಿಸಿ ತೋರಿಸ್ಲಿ. ನಾನು ಇಡೀ ಕೋಟೆನ ನಿಮ್ಮ ಮೇಜಿನ ಅಳತೆಗೆ ಜೋಡಿಸ್ತೀನಿ."

ಆ ಕಡೆ ಪುಟ ತಿರುವಿದ ಸದ್ದು.

"ನಾಳೆ ಹತ್ತೂವರೆಗೆ ಬನ್ನಿ. ಇಬ್ಬರೂ."

ಸಾಮ್ರಾಟ ಸುರುಳಿ ಸುತ್ತತೊಡಗಿದ. ಅದು ಮತ್ತೆ ಮತ್ತೆ ಬಿಚ್ಚಿಕೊಳ್ಳುತ್ತಿತ್ತು. "ನಾಳೆ ನನಗೆ ಸ್ವಲ್ಪ ಕೆಲಸ..."

"ಏನು ಕೆಲಸ?" ರೇಡಿಯೋ ಕೇಳಿದಳು.

ಅವನು ಅರ್ಧ ಸುತ್ತಿದ ಸುರುಳಿಯನ್ನು ಹಾಗೇ ಕಂಕುಳಿಗೆ ತುರುಕಿದ.

"ಹತ್ತು ಗಂಟೆಗೆ ಬಸ್ ಸ್ಟಾಪಲ್ಲಿರ್ತೀನಿ, ಅಣ್ಣ," ಎಂದೆ. "ತಡ ಮಾಡ್ಬೇಡ."