ರಂಪಣಿ ಪಾಠ

ಮೋಹನದಾಸ್ ಮಾಸ್ಟ್ರು ಮದರಾಸಿನಲ್ಲಿ ಹದಿನೈದು ದಿನದ ತರಬೇತಿ ಮುಗಿಸಿ ಅತ್ತಾವರದ ನಮ್ಮ ಶಿಶುಶಾಲೆಗೆ ಮರಳಿದಾಗ ಜೊತೆಗೆ ಒಂದು ಪೆಟ್ಟಿಗೆಯೂ ಬಂತು. ಒಳಗೆ ಬಣ್ಣಬಣ್ಣದ ಮರದ ತುಂಡುಗಳು. ಇದು ಮೂವತ್ತೆಂಟನೇ ಇಸವಿ, ಬೆತ್ತದ ಕಾಲ ಮುಗಿಯಿತು, ಇನ್ನು ಪುಟ್ಟ ಮಕ್ಕಳು ಗುಂಪಾಗಿ ಕೂತು ಕೈಯಿಂದಲೇ ಕಲಿಯಬೇಕು ಎಂದು ಅವರು ಒಂದು ಗಂಟೆ ಭಾಷಣ ಮಾಡಿದರು. ಆಮೇಲೆ, ಮಕ್ಕಳ ಕೈ ತಾಗಿ ಕೊಳೆಯಾದೀತೆಂದು ಪೆಟ್ಟಿಗೆಗೆ ಬೀಗ ಹಾಕಿದರು.

ಮುಖ್ಯವಾಗಿ ಅವರಿಗೆ ಹೆದರಿಕೆ ಮುದ್ದುವಿನ ಕೈಯದು. ನಾಲ್ಕು ವರ್ಷದ ಹುಡುಗಿ. ತಾಯಿ ಅಮ್ಮಣ್ಣಿ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುವವಳು. ಮಗಳು ಬುಟ್ಟಿ ಹೊರಬಾರದು, ಅಕ್ಷರ ಕಲಿಯಬೇಕು ಎಂಬುದೊಂದೇ ಅವಳ ಹಟ. ಮಾಸ್ಟ್ರು ಮುದ್ದುವನ್ನು ಬಾಗಿಲ ಬಳಿ ಕೂರಿಸಿದ್ದರು, ಹಾಜರಿ ಪುಸ್ತಕಕ್ಕೆ ಸೇರಿಸಿರಲಿಲ್ಲ.

"ಇನ್‌ಸ್ಪೆಕ್ಷನ್ ಆಗ್ಲಿ, ನೋಡುವ. ಗುಂಪಿನಲ್ಲಿ ಕಲೀಲಿಕ್ಕೆ ಯೋಗ್ಯತೆ ಉಂಟಾ ಅಂತ ಗೊತ್ತಾಗ್ಬೇಕಲ್ಲ," ಎಂದರು.

"ನೀವೊಂದು ಮಾತು ಹೇಳಿ ಟೀಚರೇ," ಎಂದು ಅಮ್ಮಣ್ಣಿ ನನ್ನಲ್ಲಿ ಬೇಡಿಕೊಂಡಳು. ಹೇಳುತ್ತೇನೆ ಎಂದೆ. ನನ್ನಂಥ ಸಹಾಯಕ ಟೀಚರ ಮಾತಿಗೆ ಆ ಶಾಲೆಯಲ್ಲಿ ಮೂರು ಕಾಸಿನ ಬೆಲೆಯಿಲ್ಲ ಎಂಬುದನ್ನು ಮಾತ್ರ ಹೇಳಲಿಲ್ಲ.

ಮಳೆಗಾಲ ಕಳೆದು ಇನ್‌ಸ್ಪೆಕ್ಟರು ಬಂದರು. ಮಾಸ್ಟ್ರು ಗರ್ಭಗುಡಿಯ ಬಾಗಿಲು ತೆರೆಯುವ ಗಾಂಭೀರ್ಯದಿಂದ ಬೀಗ ತೆಗೆದರು. ಒಳಗೆ ಗೆದ್ದಲುಗಳು ಗುಂಪಾಗಿ ಕಲಿತು ಮುಗಿಸಿದ್ದವು. ಉಳಿದದ್ದು ಒಂದಿಷ್ಟು ಮಣ್ಣು, ಬಣ್ಣದ ಚಕ್ಕೆ. ಮಾಸ್ಟ್ರು ಇಂಗು ತಿಂದ ಮಂಗನಂತೆ ನಿಂತರು.

ಆಗ ಮುದ್ದು ಎದ್ದು ಬಂದು ನೆಲಕ್ಕೆ ಹಾಸಿದ್ದ ಜಮಖಾನದ ತುದಿ ಹಿಡಿದಳು. "ರಂಪಣಿ ಎಳೆಯುವ, ಬನ್ನಿ!"

ಊರಿಗೆ ಊರೇ ದಡದಲ್ಲಿ ನಿಂತು ಎಳೆಯುವ ಆ ದೊಡ್ಡ ಬಲೆಯನ್ನು ಅವಳು ಹುಟ್ಟಿದಂದಿನಿಂದ ನೋಡಿದವಳು. ಮಕ್ಕಳನ್ನು ಎರಡು ಸಾಲು ಮಾಡಿದಳು. ಸಣ್ಣವರನ್ನು ದೊಡ್ಡವರ ನಡುವೆ ನಿಲ್ಲಿಸಿದಳು. ಚಕ್ಕೆಗಳೇ ಮೀನು. "ಐಸಾ!" ಎಂದು ಎಲ್ಲರೂ ಎಳೆದರು. ಆಮೇಲೆ ಅವಳು ಪಾಲು ಹಂಚಿದಳು, ಮೂಲೆಯಲ್ಲಿ ಸುಮ್ಮನೆ ಕೂತಿದ್ದ ಕಿಟ್ಟುವಿಗೂ.

"ಅವ ಎಳೀಲೇ ಇಲ್ಲ!" ಎಂದು ಒಬ್ಬ ಕೂಗಿದ.

"ಅವನಿಗೆ ಜ್ವರ ಅಲ್ವಾ? ಅವನ ಪಾಲು ಉಂಟು."

ಇನ್‌ಸ್ಪೆಕ್ಟರು ಬೆರಗಾದರು. "ಇದನ್ನು ಯಾರು ಕಲಿಸಿದ್ದು?"

"ನಾನೇ ಸಾರ್," ಎಂದರು ಮಾಸ್ಟ್ರು. "ಮದರಾಸಿನ ಪದ್ಧತಿ."

ಪದ್ಧತಿಯನ್ನು ಬರೆದು ಕಳಿಸಿ, ಬೇರೆ ಶಾಲೆಗಳಿಗೂ ಆಗುತ್ತದೆ ಎಂದು ಹೇಳಿ ಇನ್‌ಸ್ಪೆಕ್ಟರು ಹೋದರು. ಮಾಸ್ಟ್ರು ಹನ್ನೊಂದು ನಿಯಮ ಬರೆದರು. ಎಳೆಯುವವರ ಮುಂದಾಳು, ಶಾಲಾ ಸಮಿತಿಯ ಅಧ್ಯಕ್ಷರ ಮೊಮ್ಮಗ. ಗಂಟೆ ಹೊಡೆದಾಗ ಮಾತ್ರ ಎಳೆಯಬೇಕು. ಸದ್ದು ಕೂಡದು. ಸಿಕ್ಕಿದ ಮೀನೆಲ್ಲ ಮಾಸ್ಟ್ರ ಮೇಜಿಗೆ.

"ಹೀಗೆ ಎಳೆದ್ರೆ ಮೀನು ತಪ್ಪಿ ಹೋಗ್ತದೆ ಮಾಸ್ಟ್ರೇ," ಎಂದಳು ಮುದ್ದು. ಎರಡು ಸಲ ಹೇಳಿದಳು. ಮೂರನೇ ಸಲ ಜಮಖಾನ ಬಿಟ್ಟು ಕೂತುಬಿಟ್ಟಳು.

"ನೋಡಿದ್ರಾ? ಗುಂಪಿನಲ್ಲಿ ಕಲಿಯುವ ಯೋಗ್ಯತೆ ಇಲ್ಲ, ಸೇರಿಸಲಾಗದು ಅಂತ ತಾಯಿಗೊಂದು ಚೀಟಿ ಬರೀರಿ ಟೀಚರೇ."

ಬರೆದೆ. ಶಾಲೆಯಲ್ಲಿ ಎಲ್ಲರಿಗಿಂತ ದುಂಡಗಿನ ಅಕ್ಷರ ನನ್ನದು. ಒಂದು ಮಾತೂ ಎದುರು ಹೇಳಲಿಲ್ಲ, ಆ ನಾಚಿಕೆ ಇಂದಿಗೂ ಹೋಗಿಲ್ಲ.

ಸಂಜೆ ಅಮ್ಮಣ್ಣಿ ಬಂದಳು. ಅವಳಿಗೆ ಓದಲು ಬಾರದು. ನಾನು ಕೊಟ್ಟ ಚೀಟಿಯನ್ನು ಕಣ್ಣಿಗೊತ್ತಿಕೊಂಡಳು.

"ಮುದ್ದುವನ್ನು ಸೇರಿಸಿದ್ರಲ್ಲ ಟೀಚರೇ, ನಿಮಗೆ ಪುಣ್ಯ ಉಂಟು," ಎಂದು ಬುಟ್ಟಿಯಿಂದ ದೊಡ್ಡ ಬಂಗುಡೆ ಎರಡನ್ನು ಆರಿಸಿ ನನ್ನ ಕೈಗಿಟ್ಟಳು.

ನಾನು ತೆಗೆದುಕೊಂಡೆ.